ವಿಜಯಪುರ ಸೀಮೆಯ ಕಾರಂಜಿಗಳು: ತೊರವಿಯಿಂದ ಆಲಮಟ್ಟಿಯವರೆಗೆ

ವಿಜಯಪುರ ಸೀಮೆಯಲ್ಲಿ ಕಾರಂಜಿ ಹುಟ್ಟಿದ್ದು ಕುಡಿಯುವ ನೀರಿನ ಬೆನ್ನಿಗೆ. ಮೊದಲು ಊರಿಗೆ ನೀರು ಬಂತು, ಆ ನೀರನ್ನು ಎತ್ತರದಲ್ಲಿ ಹಿಡಿದಿಡುವ ಗೋಪುರಗಳು ಎದ್ದವು, ಆ ಎತ್ತರದಲ್ಲಿ ಸ್ವಲ್ಪವನ್ನು ಅರಮನೆ, ಮಸೀದಿ, ತೋಟಗಳು ತಮ್ಮ ಚೆಲುವಿಗೆ ಬಳಸಿಕೊಂಡವು. ಈ ಕ್ರಮವನ್ನು ತಿರುವುಮುರುವು ಮಾಡಿ ನೋಡಿದರೆ ಆದಿಲಶಾಹಿ ಕಾಲದ ಕಾರಂಜಿಗಳು ಬರೀ ರಾಜವಿಲಾಸವೆಂದು ಕಾಣುತ್ತವೆ. ಅವುಗಳ ಹಿಂದಿರುವ ನೆಲದಡಿಯ ಸುರಂಗ, ಮಣ್ಣಿನ ಕೊಳವೆ, ಗಚ್ಚಿನ ಕಟ್ಟಡ ಕಣ್ಣಿಗೆ ಬೀಳುವುದಿಲ್ಲ. ಚರಿತ್ರೆಯ ಹೆಚ್ಚಿನ ಭಾಗ ಇರುವುದು ಅಲ್ಲಿಯೇ.

ಈ ನೆಲಕ್ಕೆ ನೀರು ಸುಲಭವಾಗಿ ಒದಗಿದ್ದಲ್ಲ. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು, ಅದೂ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಇಲ್ಲ. ಮೇಲೆ ಎರೆಮಣ್ಣು, ಕೆಳಗೆ ಕರಿಕಲ್ಲಿನ ಪದರು. ಕಲ್ಲಿನ ಬಿರುಕುಗಳಲ್ಲಿ ನಿಂತ ನೀರೇ ಬಾವಿಗಳಿಗೆ ಆಧಾರ. ಬಯಲಿನಲ್ಲಿ ಹರಿಯುವ ಡೋಣಿ ನದಿ ಜೋಳಕ್ಕೆ ಹೆಸರಾದದ್ದು, ಆದರೆ ಅದರ ನೀರು ಉಪ್ಪು. ನಗರದ ಪಶ್ಚಿಮಕ್ಕಿರುವ ತಿಕೋಟಾ, ಹೊನವಾಡ, ದಕ್ಷಿಣದ ಬಬಲೇಶ್ವರ ಕಡೆಯ ಊರುಗಳು ತಲೆಮಾರುಗಳ ಕಾಲ ಬಾವಿಯನ್ನೇ ನಂಬಿ ಬದುಕಿದವು. ಇಂಥ ಸೀಮೆಯಲ್ಲಿ ನೀರು ಮೇಲಕ್ಕೆ ಚಿಮ್ಮುವುದೆಂದರೆ ಅದು ನೋಡುವವರಿಗೆ ಸಣ್ಣ ವಿಷಯವಾಗಿರಲಿಲ್ಲ.

ನೀರಿನಾಟಕ್ಕೆ ಈ ನಾಡಿನಲ್ಲಿ ಆದಿಲಶಾಹಿಗಳಿಗಿಂತ ಹಳೆಯ ಪರಂಪರೆ ಇದೆ. ವಿಜಯಪುರವನ್ನೂ ಒಳಗೊಂಡಿದ್ದ ಕಲ್ಯಾಣ ಚಾಲುಕ್ಯರ ರಾಜ್ಯದ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅರಸರ ವಿನೋದಗಳ ಸಾಲಿನಲ್ಲಿ ಜಲಕ್ರೀಡೆಯನ್ನೂ ಸೇರಿಸಿದೆ. ಅದಕ್ಕೂ ಒಂದು ಶತಮಾನ ಮೊದಲು ಮಾಳವದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ ಯಂತ್ರಗಳ ಅಧ್ಯಾಯದಲ್ಲಿ ನೀರಿನ ಮನೆಗಳನ್ನು ಐದು ಬಗೆಯಾಗಿ ವಿಂಗಡಿಸಿತ್ತು: ಧಾರಾಗೃಹ, ಪ್ರವರ್ಷಣ, ಪ್ರಣಾಲ, ಜಲಮಗ್ನ, ನಂದ್ಯಾವರ್ತ. ಇವುಗಳಲ್ಲಿ ಪ್ರವರ್ಷಣವೆಂದರೆ ಮಾಡಿನಿಂದ ಮಳೆ ಸುರಿಯುವ ಮನೆ, ಜಲಮಗ್ನವೆಂದರೆ ನೀರಿನ ನಡುವೆ ಮುಳುಗಿದಂತಿರುವ ಕೋಣೆ. ಭಾರತದ ಶಾಸ್ತ್ರಗ್ರಂಥಗಳ ಕಲ್ಪನೆಯಲ್ಲಿ ನೀರು ಚಿಮ್ಮುವುದಕ್ಕಿಂತ ಸುರಿಯುವುದೇ ಮುಖ್ಯ ಎಂಬುದು ಗಮನಿಸಬೇಕಾದ ಮಾತು. ಬೇಸಿಗೆಯಿಂದ ಬೆಂದ ನಾಡಿಗೆ ಮಳೆಯೇ ದೊಡ್ಡ ಸಂಭ್ರಮ. ಅದನ್ನು ಮನೆಯೊಳಗೆ ತರುವುದು ಅಲ್ಲಿನ ವಿನ್ಯಾಸಕಾರರ ಆಸೆ.

ಪಶ್ಚಿಮ ಏಷ್ಯಾದಲ್ಲಿ ಬೇರೊಂದು ಪರಂಪರೆ ಬೆಳೆದಿತ್ತು. ಸುಮಾರು ಕ್ರಿ.ಶ. 850ರಲ್ಲಿ ಬಾಗ್ದಾದಿನ ಬನೂ ಮೂಸಾ ಸಹೋದರರು ಬರೆದ ಯಂತ್ರಗಳ ಪುಸ್ತಕದಲ್ಲಿ ತನ್ನ ಆಕಾರವನ್ನು ತಾನೇ ಬದಲಿಸಿಕೊಳ್ಳುವ ಕಾರಂಜಿಗಳಿವೆ. ಸ್ವಲ್ಪ ಹೊತ್ತು ಈಟಿಯಂತೆ ನೆಟ್ಟಗೆ ಏರುವ ಧಾರೆ, ಆಮೇಲೆ ಹೂವಿನಂತೆ ಬಿಚ್ಚಿಕೊಳ್ಳುತ್ತದೆ. 1206ರಲ್ಲಿ ಅಲ್-ಜಝರಿ ಅದೇ ಕೆಲಸವನ್ನು ತುಂಬಿದಾಗ ತಾನಾಗಿ ಮಗುಚುವ ಬಟ್ಟಲುಗಳಿಂದ ಮಾಡಿಸುವ ಬಗೆಯನ್ನು ಚಿತ್ರಸಹಿತ ವಿವರಿಸಿದ. ಇನ್ನೂ ಹಿಂದೆ, ಒಂದನೇ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿ ಹೆರಾನ್ ಮುಚ್ಚಿದ ಪಾತ್ರೆಯಲ್ಲಿ ಗಾಳಿಯನ್ನು ಒತ್ತಿ ಅದರ ಬಲದಿಂದ ನೀರು ಚಿಮ್ಮಿಸಿದ್ದ. ಗಾಳಿಯೂ ನೀರೂ ಸೇರಿ ಆಡುವ ಆಟ ಇಂದಿನ ಯಂತ್ರಯುಗದ ಆವಿಷ್ಕಾರವಲ್ಲ, ಎರಡು ಸಾವಿರ ವರ್ಷಗಳಷ್ಟು ಹಳೆಯದು. ಪರ್ಷಿಯಾದ ತೋಟಗಳು ಈ ವಿದ್ಯೆಯ ಜೊತೆಗೆ ನೆಲದಡಿಯ ಕಾಲುವೆಯನ್ನೂ ದಖ್ಖನಿಗೆ ಕಳಿಸಿದವು. 15ನೇ ಶತಮಾನದಲ್ಲಿ ಬಹಮನಿಗಳು ಬೀದರಿನಲ್ಲಿ ನೆಲೆಯೂರಿದಾಗ ನೌಬಾದಿನಲ್ಲಿ ಕರೇಜ್ ಎಂಬ ಇಂಥ ಕಾಲುವೆಯನ್ನು ತೋಡಿಸಲಾಯಿತು. ಬೀದರ ಕೋಟೆಯ ಲಾಲ್‌ಬಾಗಿನ ಕಾಲುವೆ, ಕಾರಂಜಿ ಹೊಂಡಗಳು ಅದೇ ಕಾಲಮಾನದ ಸಂಸ್ಕೃತಿಗೆ ಸೇರಿದವು.

ಬಹಮನಿ ರಾಜ್ಯ ಒಡೆದು 15ನೇ ಶತಮಾನದ ಕೊನೆಯಲ್ಲಿ ಯೂಸುಫ್ ಆದಿಲಖಾನ ವಿಜಯಪುರದಲ್ಲಿ ಸ್ವತಂತ್ರನಾದ. ಆದರೆ ನಗರ ನಿಜವಾಗಿ ಬೆಳೆದದ್ದು ಒಂದನೇ ಅಲಿ ಆದಿಲಶಾಹನ ಆಳ್ವಿಕೆಯಲ್ಲಿ, 1558ರಿಂದ 1580ರ ನಡುವೆ. ಕೋಟೆಗೋಡೆ, ಗಗನಮಹಲ್, ಜಾಮಿಯಾ ಮಸೀದಿ ಎಲ್ಲವೂ ಅವನ ಕಾಲದ ಕೆಲಸ. ಜನ ಹೆಚ್ಚಿದಂತೆ ಬಾವಿಗಳು ಸಾಲದಾದವು. ನಗರದ ಪಶ್ಚಿಮಕ್ಕೆ, ತಿಕೋಟಾ ಹಾದಿಯಲ್ಲಿ ಸಿಗುವ ತೊರವಿಯ ನೆಲ ನಗರಕ್ಕಿಂತ ಎತ್ತರ. ಅಲ್ಲಿಯ ಒರತೆಗಳ ನೀರನ್ನು ನೆಲದಡಿಯ ಸುರಂಗದಲ್ಲಿ ನಗರಕ್ಕೆ ಇಳಿಸುವ ಏರ್ಪಾಡು ಆಯಿತು. ಕರಿಕಲ್ಲು ಕೊರೆದು ಮಾಡಿದ ಈ ಸುರಂಗದ ಉದ್ದಕ್ಕೂ ನಿಯಮಿತ ಅಂತರದಲ್ಲಿ ಬಾವಿಯಂಥ ಕಿಂಡಿಗಳಿವೆ. ತೋಡುವಾಗ ಮಣ್ಣು ಎತ್ತಲು, ಆಮೇಲೆ ಗಾಳಿಯಾಡಲು, ಹೂಳು ತೆಗೆಯಲು, ದಾರಿಯಲ್ಲಿ ನೀರು ಸೇದಲು ಇವು ಬೇಕಾಗಿದ್ದವು. ನೆಲದ ಮೇಲಿನ ತೆರೆದ ಕಾಲುವೆಯಾಗಿದ್ದರೆ ವಿಜಯಪುರದ ಬಿಸಿಲಿಗೆ ಎಷ್ಟೋ ನೀರು ಆವಿಯಾಗಿ ಹೋಗುತ್ತಿತ್ತು. ತೊರವಿಯಲ್ಲಿ ಇಂದಿಗೂ ಕಾಣುವ ಸುರಂಗ ಬಾವಡಿ ಈ ಜಾಲದ ಮುಖ್ಯ ಭಾಗ.

ಸುರಂಗದ ನೀರು ಊರೊಳಗೆ ಮಣ್ಣಿನ ಕೊಳವೆಗಳನ್ನು ಸೇರುತ್ತಿತ್ತು. ಒಂದರ ಬಾಯಿಗೆ ಇನ್ನೊಂದನ್ನು ಜೋಡಿಸಿ, ಸುತ್ತಲೂ ಗಚ್ಚು ಕಲ್ಲುಗಳ ಕವಚ ಕಟ್ಟಿ, 15ರಿಂದ 50 ಅಡಿ ಆಳದವರೆಗೆ ಹೂಳಿದ ಕೊಳವೆಗಳಿವು. ಸುಟ್ಟ ಮಣ್ಣು ಒತ್ತಡ ತಾಳುವುದು ಕಡಿಮೆ. ಇಳಿಜಾರಿನಲ್ಲಿ ಬರುವ ನೀರಿನ ಒತ್ತಡ ಒಂದೇ ಸಮನೆ ಬೆಳೆದರೆ ಕೊಳವೆ ಸೀಳುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವೇ ಊರಿನ ಜನ ಇಂದಿಗೂ ಗಂಜ್ ಎಂದು ಕರೆಯುವ ನೀರಿನ ಗೋಪುರಗಳು. 25ರಿಂದ 40 ಅಡಿ ಎತ್ತರದ ಈ ಗೋಪುರದೊಳಕ್ಕೆ ಕೊಳವೆಯ ನೀರು ಏರುತ್ತಿತ್ತು, ಮೇಲಿನ ತೊಟ್ಟಿಯಲ್ಲಿ ಗಾಳಿಗೆ ತೆರೆದುಕೊಂಡು ಒತ್ತಡ ಕಳೆದುಕೊಳ್ಳುತ್ತಿತ್ತು, ಕೊಳವೆಯಲ್ಲಿ ಸಿಕ್ಕಿಬಿದ್ದ ಗಾಳಿಯನ್ನು ಹೊರಹಾಕುತ್ತಿತ್ತು, ಕೆಸರು ತಳಕ್ಕೆ ಕುಳಿತ ಮೇಲೆ ತಿಳಿಯಾಗಿ ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಒಂದು ಕಟ್ಟಡದಿಂದ ನಾಲ್ಕು ಕೆಲಸ. ದಖ್ಖನಿನ ನೀರಿನ ವಿದ್ಯೆಯಲ್ಲಿ ಇಷ್ಟು ಮಿತವ್ಯಯದ, ಇಷ್ಟು ತರ್ಕಬದ್ಧವಾದ ರಚನೆ ಇನ್ನೊಂದನ್ನು ಹುಡುಕುವುದು ಕಷ್ಟ. ಗೋಲಗುಮ್ಮಟದ ಮುಂದೆ ನಿಂತವರಿಗೆ ಹೋಲಿಸಿದರೆ ಒಂದು ಗಂಜ್ ಮುಂದೆ ನಿಂತು ನೋಡಿದವರು ಬಹಳ ಕಡಿಮೆ.

ಕಾರಂಜಿಯ ಗುಟ್ಟೂ ಗಂಜ್‌ನಲ್ಲಿಯೇ ಇದೆ. ನೀರಿಗೆ ತನ್ನಿಂದ ತಾನೇ ಮೇಲಕ್ಕೆ ಹಾರುವ ಬಲವಿಲ್ಲ. ಎಷ್ಟು ಎತ್ತರದಿಂದ ಇಳಿಯಿತೋ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಅದು ಮತ್ತೆ ಏರಬಲ್ಲದು. ಕೊಳವೆಯ ತಿಕ್ಕಾಟ ಮತ್ತು ಗಾಳಿಯ ತಡೆಯಿಂದ ಕೊಂಚ ಕಡಿಮೆ. 17ನೇ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ಇದನ್ನು ಸೂತ್ರವಾಗಿ ಬರೆದ. ಹತ್ತು ಮೀಟರ್ ಎತ್ತರದ ತೊಟ್ಟಿಯಿಂದ ಇಳಿದ ನೀರು ಕೆಳಗಿನ ತೂತಿನಿಂದ ಸೆಕೆಂಡಿಗೆ ಸುಮಾರು 14 ಮೀಟರ್ ವೇಗದಲ್ಲಿ ಹೊರಬರುತ್ತದೆ. ತೂತು 6 ಮಿಲಿಮೀಟರ್ ಅಗಲದ್ದಾದರೆ, ಅದರ ಬಾಯಲ್ಲಿ ಧಾರೆ ಕಿರಿದಾಗುವುದನ್ನು ಲೆಕ್ಕ ಹಿಡಿದು, ಗಂಟೆಗೆ ಸುಮಾರು 900 ಲೀಟರ್ ನೀರು ಬೇಕು. ಇಂಥ ಹತ್ತು ಧಾರೆಗಳಿಗೆ ಗಂಟೆಗೆ 9,000 ಲೀಟರ್. ಬಾವಿ ನೀರನ್ನು ನಂಬಿದ ಊರಿನಲ್ಲಿ ಇದು ಭಾರೀ ಖರ್ಚು. ಇಂಥ ಕಡೆ ವಿನ್ಯಾಸಕಾರ ಧಾರೆಯ ಎತ್ತರಕ್ಕೆ ಆಸೆಪಡುವ ಹಾಗಿಲ್ಲ. ಚಿಕ್ಕ ತೂತು, ತಗ್ಗಿನ ಧಾರೆ, ನೀರು ಚೆದುರದಂತೆ ಕೆಳಗೊಂದು ಹೊಂಡ, ಹೊಂಡ ತುಂಬಿ ಹೊರಬಿದ್ದ ನೀರಿಗೆ ಮುಂದೆ ಒಂದು ಉಪಯೋಗ, ಇಷ್ಟನ್ನೂ ಅವನು ಯೋಚಿಸಬೇಕು. ಮಸೀದಿಯ ಅಂಗಳದ ಹೌಜಿನಲ್ಲಿ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ನೀರೇ ಕಣ್ಣಿಗೂ ತಂಪು. ಜಾಮಿಯಾ ಮಸೀದಿಯ ಅಂಗಳದಲ್ಲಿಯೂ, ಇಬ್ರಾಹಿಂ ರೋಜಾದಲ್ಲಿ ಗೋರಿ ಮತ್ತು ಮಸೀದಿಗಳ ನಡುವಿನ ಜಗಲಿಯ ಮೇಲೂ ಕಾರಂಜಿ ಹೊಂಡ ಇರುವುದು ಈ ಲೆಕ್ಕಕ್ಕೆ ಒಪ್ಪುವಂಥದ್ದು.

ಎರಡನೇ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ (1580–1627) ನೀರಿನ ಅಲಂಕಾರ ನಾಜೂಕಾಯಿತು. ಸಂಗೀತಪ್ರಿಯನಾದ ಈ ದೊರೆ 1599ರಲ್ಲಿ ತೊರವಿಯ ಬಳಿ, ಅಂದರೆ ನೀರಿನ ಮೂಲದ ಹತ್ತಿರವೇ, ನೌರಸಪುರವೆಂಬ ಹೊಸ ನಗರವನ್ನು ಕಟ್ಟಿಸಲು ತೊಡಗಿದ. 1624ರಲ್ಲಿ ನೆರೆರಾಜ್ಯದ ಸೇನಾನಿ ಮಲಿಕ್ ಅಂಬರ್ ದಾಳಿ ಮಾಡಿ ಅದನ್ನು ಹಾಳುಗೆಡವಿದ. ಸಂಗೀತಮಹಲಿನ ಅವಶೇಷ ಉಳಿದಿದೆ. ಕೋಟೆಯೊಳಗೆ ಅವನದೇ ಕಾಲದ ಸಾತ್ ಮಂಜಿಲ್ ಎಂಬ ಏಳಂತಸ್ತಿನ ಅರಮನೆಯಲ್ಲಿ ಬೇರೆ ಬೇರೆ ಅಂತಸ್ತುಗಳಲ್ಲಿ ನೀರಿನ ಕೊಳವೆ, ತೊಟ್ಟಿಗಳ ಗುರುತು ಇದ್ದುದನ್ನು ಪುರಾತತ್ವ ವಿದ್ವಾಂಸ ಹೆನ್ರಿ ಕಸಿನ್ಸ್ ದಾಖಲಿಸಿದ್ದಾರೆ. ನೀರನ್ನು ಮಹಡಿಯಿಂದ ಮಹಡಿಗೆ ಏರಿಸಿದವರಿಗೆ ಒತ್ತಡದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಈ ಅರಮನೆಯ ಮುಂದೆ ಇಂದು ರಸ್ತೆಯ ನಡುವೆ ನಿಂತಿರುವ ಪುಟ್ಟ ಜಲಮಂಜಿಲ್ ಒಂದು ಕಾಲಕ್ಕೆ ಹೊಂಡದ ನಡುವಿನ ಮಂಟಪ. ಚಜ್ಜ, ಮಿನಾರು, ಕಮಾನುಗಳ ಅದರ ಕೆತ್ತನೆಯನ್ನು ನೀರಿನಲ್ಲಿ ಬಿದ್ದ ಪ್ರತಿಬಿಂಬದ ಸಮೇತ ಕಲ್ಪಿಸಿಕೊಂಡರೆ ಮಾತ್ರ ಅದರ ಅಳತೆ ಅರ್ಥವಾಗುತ್ತದೆ. ನೀರು ಬತ್ತಿದ ಮೇಲೆ ಕಟ್ಟಡದ ಅರ್ಧ ಭಾಗವೇ ಹೋದ ಹಾಗೆ. 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ತಾಜಬಾವಡಿ, ಅದಕ್ಕೂ ಹಿಂದಿನ 1579ರ ಚಾಂದಬಾವಡಿ ಊರಿಗೆ ನೀರು ಕೊಟ್ಟ ದೊಡ್ಡ ಹೊಂಡಗಳು. ತಾಜಬಾವಡಿ ಸುಮಾರು 223 ಅಡಿ ಚೌಕದ್ದು.

ಮಹಮ್ಮದ್ ಆದಿಲಶಾಹನ ಕಾಲಕ್ಕೆ (1627–1656) ತೊರವಿಯ ನೀರೂ ಸಾಲದೆ ನಗರದ ದಕ್ಷಿಣಕ್ಕೆ ಬೇಗಂ ತಾಲಾಬ್ ಕಟ್ಟಲಾಯಿತು. ರಾಣಿ ಜಹಾನ್ ಬೇಗಂ ಹೆಸರಿನಲ್ಲಿ 1651ರಲ್ಲಿ ಮುಗಿದ ಈ ಕೆರೆಯ ವಿಸ್ತಾರ 234 ಎಕರೆ. ಕೆರೆಯ ಪಕ್ಕದ ನೆಲಮಾಳಿಗೆಯಿಂದ ಹೊರಟ ಕೊಳವೆಗಳು ಗಂಜ್‌ಗಳ ಸಾಲು ಹಿಡಿದು ಊರಿಗೆ ಬರುತ್ತಿದ್ದವು. 1646ರ ಸುಮಾರಿಗೆ ನ್ಯಾಯಸ್ಥಾನವಾಗಿ ಕಟ್ಟಿದ ಅಸಾರ್ ಮಹಲಿನ ಮುಂದಿನ ಹೊಂಡಕ್ಕೂ ಈ ಕೆರೆಯಿಂದ ನೀರು ಬರುತ್ತಿತ್ತು. ಸುಮಾರು 15 ಅಡಿ ಆಳದ ಆ ಹೊಂಡ ಬೆಳಕಿನ ಸಾಧನವೂ ಹೌದು. ಮರದ ಎತ್ತರದ ಕಂಬಗಳ ಮೇಲೆ ನಿಂತ ತೆರೆದ ಮೊಗಸಾಲೆಗೆ ನೀರಿನ ಮೇಲೆ ಬಿದ್ದ ಬಿಸಿಲು ಹಿಂದಿರುಗಿ ಒಳಮಾಡಿನ ಮೇಲೆ ಅಲೆಯಾಡುತ್ತದೆ. ವಿದ್ಯುತ್ತಿಲ್ಲದ ಕಾಲದಲ್ಲಿ ನೀರಿಗೆ ಬೆಳಕು ಸೇರಿಸುವ ಬಗೆ ಮುಖ್ಯವಾಗಿ ಎರಡು. ಹಗಲಿಗೆ ಹೀಗೆ ಪ್ರತಿಫಲನ. ರಾತ್ರಿಗೆ ಬೀಳುವ ನೀರಿನ ತೆರೆಯ ಹಿಂದೆ ಸಣ್ಣ ಗೂಡುಗಳಲ್ಲಿ ದೀಪ. ಕಾಶ್ಮೀರದ ಶಾಲಿಮಾರಿನಂಥ ಮೊಗಲ್ ತೋಟಗಳಲ್ಲಿ ಚೀನಿಖಾನಾ ಎಂಬ ಗೂಡುಗಳ ಸಾಲು ಇದಕ್ಕೇ ಮೀಸಲು.

ಈ ಸೀಮೆಯ ಕಾರಂಜಿ ವಿದ್ಯೆಯೆಲ್ಲ ಒಂದೆಡೆ ಕೂಡಿರುವುದು ಕುಮಟಗಿಯಲ್ಲಿ. ವಿಜಯಪುರದ ಪೂರ್ವಕ್ಕೆ ಸಿಂದಗಿ ದಾರಿಯಲ್ಲಿ ಸುಮಾರು 20 ಕಿಲೋಮೀಟರ್ ದೂರದ ಈ ಊರು ಆದಿಲಶಾಹಿಗಳ ಬೇಸಿಗೆ ಬಿಡಾರ. ಕೆರೆಯ ಪಕ್ಕದಲ್ಲಿ ಮಂಟಪಗಳ ಗುಂಪು, ನೀರೆತ್ತುವ ಗೋಪುರಗಳು, ಚೌಕ ಹೊಂಡದ ನಡುವೆ ಎರಡಂತಸ್ತಿನ ಜಲಮಂಟಪ, ಅದಕ್ಕೆ ದಾಟಿಹೋಗಲು ಕಮಾನುಗಳ ಮೇಲಿನ ಕಿರುಸೇತುವೆ. ಇಲ್ಲಿಯ ನೆಲ ಸಪಾಟು. ತೊರವಿಯಂತೆ ಎತ್ತರ ಪುಕ್ಕಟೆ ಸಿಗುವುದಿಲ್ಲ. ಕೆರೆಯ ನೀರನ್ನು ಗೋಪುರದ ತಲೆಯ ತೊಟ್ಟಿಗೆ ಎತ್ತಿ, ಅಲ್ಲಿಂದ ಗೋಡೆಯೊಳಗೆ ಹುದುಗಿಸಿದ ಕೊಳವೆಗಳಲ್ಲಿ ಇಳಿಸಿ, ಮಂಟಪದ ಮಾಡಿಗೆ, ಅಂಚುಗಳಿಗೆ ಹಂಚುವ ಏರ್ಪಾಡು ಮಾಡಲಾಯಿತು. ಅಂದರೆ ಎತ್ತರವನ್ನು ದುಡಿಮೆಯಿಂದ ಸಂಪಾದಿಸಿ, ಕೂಡಿಟ್ಟು, ಬೇಕಾದಾಗ ಖರ್ಚು ಮಾಡುವ ಕ್ರಮ.

ಖರ್ಚು ಮಾಡಿದ ಬಗೆ ಇನ್ನೂ ಸೊಗಸಿನದು. ಮಂಟಪದ ಒಳಮಾಡಿನಲ್ಲಿ ಜರಡಿಯಂಥ ತೂತುಗಳಿವೆ. ಮೇಲೆ ಬಂದ ನೀರು ಅವುಗಳ ಮೂಲಕ ಮಳೆಯಾಗಿ ಸುರಿಯುತ್ತಿತ್ತು. ಭೋಜನ ಗ್ರಂಥದ ಪ್ರವರ್ಷಣ ಮತ್ತು ಜಲಮಗ್ನಗಳನ್ನು ಓದಿದವರಿಗೆ ನೀರಿನ ನಡುವೆ ನಿಂತು ಒಳಗೂ ಮಳೆ ಸುರಿಸುತ್ತಿದ್ದ ಈ ಮಂಟಪ ಥಟ್ಟನೆ ಗುರುತು ಸಿಗುತ್ತದೆ. ಇಲ್ಲಿ ಧಾರೆ ಎಷ್ಟು ಎತ್ತರ ಏರಿತು ಎಂಬ ಪ್ರಶ್ನೆಯೇ ಇಲ್ಲ. ನೀರು ಎಷ್ಟು ಹನಿಗಳಾಗಿ ಒಡೆಯಿತು ಎಂಬುದೇ ಮುಖ್ಯ. ಇದಕ್ಕೆ ವಿಜಯಪುರದ ಒಣ ಗಾಳಿಯೇ ಕಾರಣ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಮಧ್ಯಾಹ್ನ 40 ಡಿಗ್ರಿ ಮುಟ್ಟುತ್ತದೆ, ಗಾಳಿಯಲ್ಲಿ ತೇವ ಇರುವುದಿಲ್ಲ. ಇಂಥ ಗಾಳಿಗೆ ಒಂದು ಲೀಟರ್ ನೀರು ಆವಿಯಾಗಿ ಸೇರಿದರೆ ಸುಮಾರು 200 ಘನ ಮೀಟರ್ ಗಾಳಿ ಹತ್ತು ಡಿಗ್ರಿಯಷ್ಟು ತಂಪಾಗುತ್ತದೆ. ದೊಡ್ಡದೊಂದು ಕೋಣೆಯ ತುಂಬ ಇರುವ ಗಾಳಿಯಷ್ಟಾಯಿತು ಅದು. ನೀರು ದಪ್ಪ ಧಾರೆಯಾಗಿ ಬಿದ್ದರೆ ಆವಿಯಾಗುವುದು ಅತ್ಯಲ್ಪ, ಹನಿಯಾಗಿ ಬಿದ್ದರೆ ಗಾಳಿಗೆ ತಾಗುವ ಮೈ ಹತ್ತಾರು ಪಟ್ಟು ಹೆಚ್ಚು. ಹೊಂಡದ ಮೇಲಿಂದ ಬೀಸುವ ಗಾಳಿ ತೆರೆದ ಕಮಾನುಗಳಲ್ಲಿ ಒಳಬಂದು, ಹನಿಗಳ ನಡುವೆ ನುಸುಳಿ, ತಂಪಾಗಿ ಹೊರಬೀಳುತ್ತಿತ್ತು. ಕೆಳಗೆ ಬಿದ್ದ ನೀರು ಹೊಂಡಕ್ಕೇ ಹಿಂದಿರುಗುತ್ತಿತ್ತು. ಕುಮಟಗಿಯಲ್ಲಿ ಗಾಳಿ ನೀರಿನಷ್ಟೇ ಮುಖ್ಯವಾದ ಸಾಮಗ್ರಿ. ಮಂಟಪದ ಕಮಾನುಗಳನ್ನು ನಾಲ್ಕೂ ದಿಕ್ಕಿಗೆ ತೆರೆದಿಟ್ಟವರಿಗೆ ಅದರ ಅರಿವಿತ್ತು.

ಕುಮಟಗಿಯ ಗೋಡೆಗಳ ಮೇಲೆ ಚಿತ್ರಗಳೂ ಇವೆ. ಕುದುರೆ ಮೇಲಿನ ಚೆಂಡಾಟ, ಕುಸ್ತಿ, ವಾದ್ಯ ನುಡಿಸುವವರು, ಹೊರದೇಶದ ಉಡುಪಿನ ಅತಿಥಿಗಳು. ಬಹಳಷ್ಟು ಅಳಿಸಿಹೋದರೂ ಆ ಬಿಡಾರದಲ್ಲಿ ಕಾರಂಜಿ ಒಂಟಿಯಾಗಿರಲಿಲ್ಲ, ಆಟ, ಸಂಗೀತ, ಸತ್ಕಾರಗಳ ಜೊತೆ ಅದು ನಡೆಯುತ್ತಿತ್ತು ಎಂಬುದಕ್ಕೆ ಅವು ಸಾಕ್ಷಿ. ಗೋಪುರದ ತೊಟ್ಟಿ ಹಿಡಿಯುವಷ್ಟು ನೀರು ಇರುವತನಕ ಮಾತ್ರ ಮಳೆ. ಹೀಗಾಗಿ ನೀರು ಬಿಡುವ ಹೊತ್ತನ್ನು ಆರಿಸಬೇಕಾಗಿತ್ತು. ಇಂದಿನ ಕಾರಂಜಿ ಪ್ರದರ್ಶನಗಳಿಗೂ ನಿಗದಿತ ವೇಳೆ ಇರುವುದನ್ನು ನೆನೆದರೆ ಈ ಕಲೆ ಮೊದಲಿನಿಂದಲೂ ಹೊತ್ತಿನ ಕಲೆ ಎಂಬುದು ತಿಳಿಯುತ್ತದೆ.

1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ನಗರ ವಶವಾಯಿತು. ಅರಸೊತ್ತಿಗೆ ಹೋದ ಮೇಲೆ ಸುರಂಗದ ಹೂಳು ತೆಗೆಯುವವರಿಲ್ಲ, ಒಡೆದ ಕೊಳವೆಗೆ ಗಚ್ಚು ಮೆತ್ತುವವರಿಲ್ಲ. ಮೊದಲು ನಿಂತದ್ದು ಕಾರಂಜಿಗಳೇ ಇರಬೇಕು, ಏಕೆಂದರೆ ಒತ್ತಡ ಸ್ವಲ್ಪ ಇಳಿದರೂ ಧಾರೆ ಏಳುವುದಿಲ್ಲ. ಹೊಂಡ, ಬಾವಡಿಗಳು ಮಾತ್ರ ಜನರ ಬಳಕೆಯಲ್ಲಿ ಉಳಿದವು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಹಳೆಯ ಮಹಲುಗಳು ಕಚೇರಿಗಳಾದವು. 20ನೇ ಶತಮಾನದ ಆರಂಭದಲ್ಲಿ ಭೂತನಾಳ ಕೆರೆ ನಗರದ ನೀರಿನ ಮೂಲವಾಯಿತು, ಆಮೇಲೆ ಕೊಲ್ಹಾರದ ಕಡೆಯಿಂದ ಕೃಷ್ಣೆಯ ನೀರು ಬಂತು. ಕಬ್ಬಿಣದ ಕೊಳವೆ, ಪಂಪು ಬಂದ ಮೇಲೆ ಗಂಜ್‌ಗಳಿಗೆ ಕೆಲಸ ಉಳಿಯಲಿಲ್ಲ.

ಅದೇ ಹೊತ್ತಿಗೆ ಹೊರಜಗತ್ತಿನಲ್ಲಿ ಕಾರಂಜಿಯ ಸ್ವರೂಪವೇ ಬದಲಾಗಿತ್ತು. 1841ರ ಸುಮಾರಿಗೆ ಜಿನೀವಾದ ವಿಜ್ಞಾನಿ ಕೊಲಾಡಾನ್ ಬಾಗಿದ ನೀರಿನ ಧಾರೆಯೊಳಗೆ ಬೆಳಕು ಸಿಕ್ಕಿಬಿದ್ದು ಧಾರೆಯ ಜೊತೆಗೇ ಬಾಗುವುದನ್ನು ತೋರಿಸಿದ. ನೀರಿನೊಳಗಿಂದ ಗಾಳಿಗೆ ಹೊರಡುವ ಬೆಳಕು ಓರೆಯಾಗಿ ಬಂದರೆ ಹೊರಹೋಗದೆ ಒಳಕ್ಕೇ ತಿರುಗುತ್ತದೆ, ಹೀಗೆ ಧಾರೆಯ ಉದ್ದಕ್ಕೂ ಪುಟಿಯುತ್ತ ಸಾಗುತ್ತದೆ. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ, 1889ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ವಿದ್ಯುದ್ದೀಪದ ಕಾರಂಜಿಗಳು ಜನರನ್ನು ಬೆರಗುಗೊಳಿಸಿದವು. ಹೊಂಡದ ಕೆಳಗಿನ ನೆಲಮಾಳಿಗೆಯಲ್ಲಿ ದೀಪ, ಮೇಲೆ ಗಾಜಿನ ಕಿಂಡಿ, ನಡುವೆ ಜಾರಿಸುವ ಬಣ್ಣದ ಗಾಜುಗಳು ಅವುಗಳ ಯಂತ್ರಭಾಗ. 1929ರ ಬಾರ್ಸಿಲೋನಾ ಪ್ರದರ್ಶನಕ್ಕಾಗಿ ಕಾರ್ಲೆಸ್ ಬುಯಿಗಾಸ್ ರೂಪಿಸಿದ ಮಾಯಾ ಕಾರಂಜಿ ಈ ಸಾಲಿನಲ್ಲಿ ಹೆಸರಾಂತದ್ದು.

ಕರ್ನಾಟಕಕ್ಕೆ ಈ ಹೊಸ ಬಗೆ ಬಂದದ್ದು ದಕ್ಷಿಣದಿಂದ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದಿತ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂದಿತ್ತು. 1911ರಲ್ಲಿ ಶುರುವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಬುಡದಲ್ಲಿ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಕಾಶ್ಮೀರದ ಶಾಲಿಮಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬೃಂದಾವನ ತೋಟ ಹಾಕಿಸಿದರು. 1927ರಲ್ಲಿ ಆರಂಭವಾದ ತೋಟ 1932ರಲ್ಲಿ ಸಿದ್ಧವಾಯಿತು. ಹಂತಹಂತವಾಗಿ ಇಳಿಯುವ ಜಗಲಿಗಳು, ನಡುವೆ ಕಾಲುವೆ, ಸಾಲು ಧಾರೆಗಳು, ಕತ್ತಲಾದ ಮೇಲೆ ಬಣ್ಣದ ದೀಪ. ಮೊಗಲ್ ತೋಟದ ನಕ್ಷೆಗೆ ಪ್ಯಾರಿಸ್ಸಿನ ದೀಪ ಸೇರಿದ ಈ ತೋಟ ಕನ್ನಡಿಗರ ಮನಸ್ಸಿನಲ್ಲಿ ಕಾರಂಜಿಯ ಚಿತ್ರವನ್ನು ಶಾಶ್ವತವಾಗಿ ಬದಲಿಸಿತು. ಶಾಲಾ ಪ್ರವಾಸ, ಸಿನಿಮಾ ಹಾಡು, ದಸರಾ ಪ್ರಯಾಣ ಎಲ್ಲದರಲ್ಲೂ ಅದೇ ಚಿತ್ರ. ಅಲ್ಲಿಯವರೆಗೆ ಬೇಸಿಗೆಯ ಹಗಲಿಗೆ ಬೇಕಾಗಿದ್ದ ಕಾರಂಜಿ ಆಮೇಲೆ ರಾತ್ರಿಯ ನೋಟವಾಯಿತು, ಮೈಗೆ ತಂಪು ಕೊಡುವ ಕೆಲಸ ಹಿಂದೆ ಸರಿದು ಕಣ್ಣಿಗೆ ಹಬ್ಬವಾಗುವ ಕೆಲಸ ಮುಂದಾಯಿತು. ಬೃಂದಾವನದ ಚೆಲುವನ್ನು ಮೆಚ್ಚುವಾಗಲೂ ಈ ನಷ್ಟವನ್ನು ಗುರುತಿಸುವುದು ನ್ಯಾಯ.

ಸಂಗೀತಕ್ಕೆ ಕುಣಿಯುವ ಕಾರಂಜಿ 1930ರ ದಶಕದ ಬರ್ಲಿನ್ನಿನಲ್ಲಿ ಒಟ್ಟೊ ಪ್ರಿಸ್ಟಾವಿಕ್ ಬೆಳೆಸಿದ ಕಲೆ. ಆಗ ಒಬ್ಬ ಕಲಾವಿದ ಮೇಜಿನ ಮುಂದೆ ಕುಳಿತು ಸನ್ನೆಗೋಲುಗಳಿಂದ ನೀರಿನ ಕವಾಟಗಳನ್ನು ಕೈಯಾರೆ ನುಡಿಸಬೇಕಿತ್ತು. ಕಂಪ್ಯೂಟರ್ ಬಂದ ಮೇಲೆ ಆ ಕೆಲಸ ಬರೆದಿಟ್ಟ ಕ್ರಮಕ್ಕೆ ಒಪ್ಪಿಸಲಾಯಿತು. ಬೃಂದಾವನದಲ್ಲಿ ಸಂಗೀತ ಕಾರಂಜಿ ಸೇರಿಕೊಂಡಿತು, ಬೆಂಗಳೂರಿನಲ್ಲಿ ನೆಹರೂ ತಾರಾಲಯದ ಎದುರು ಇಂದಿರಾಗಾಂಧಿ ಸಂಗೀತ ಕಾರಂಜಿ ಉದ್ಯಾನ ಬಂತು. ವಿಜಯಪುರ ಜಿಲ್ಲೆಗೆ ಅದು ಬಂದದ್ದು ಆಲಮಟ್ಟಿಯಲ್ಲಿ. ಕೃಷ್ಣಾ ನದಿಗೆ ಅಡ್ಡಲಾಗಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ ಈ ಅಣೆಕಟ್ಟೆಯ ಜಲಾಶಯ 519.6 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ ನೀರು ಹಿಡಿಯುತ್ತದೆ. ಅದರ ಬದಿಯ ಉದ್ಯಾನಗಳಲ್ಲಿ ಮೊಗಲ್ ಮಾದರಿಯ ತೋಟವೂ ಇದೆ, ಸಂಗೀತ ಕಾರಂಜಿಯೂ ಇದೆ. ಬಾವಿ ನೀರಿಗೆ ಸಾಲು ನಿಂತ ಸೀಮೆಯ ಜನ ಸಂಜೆ ಹೊತ್ತು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಾರೆ.

ಇಂದಿನ ಇಂಥ ಕಾರಂಜಿಯ ಒಳಗನ್ನು ನೋಡಿದರೆ ಗಂಜ್‌ನ ಕೆಲಸಗಳೆಲ್ಲ ಬೇರೆ ರೂಪದಲ್ಲಿ ಸಿಗುತ್ತವೆ. ಎತ್ತರದ ತೊಟ್ಟಿಯ ಬದಲು ಪಂಪು. ಅದರ ವೇಗವನ್ನು ಹೆಚ್ಚುಕಡಿಮೆ ಮಾಡಿ ಧಾರೆಯನ್ನು ಏರಿಳಿಸಲಾಗುತ್ತದೆ. ವಿದ್ಯುತ್ ಕವಾಟ ಕ್ಷಣದಲ್ಲಿ ಧಾರೆಯನ್ನು ಕತ್ತರಿಸುತ್ತದೆ. ನಾಜಲ್‌ಗಳಲ್ಲಿ ಹಲವು ಬಗೆ: ನೆಟ್ಟಗಿನ ಧಾರೆಗೆ ಒಂದು, ಬೀಸಣಿಗೆಯಂತೆ ಹರಡಲು ಒಂದು, ಅಣಬೆಯಂತೆ ಕವುಚಲು ಒಂದು, ಮಂಜು ಮಾಡಲು ಇನ್ನೊಂದು. ನೊರೆಯ ಧಾರೆಯ ನಾಜಲ್ ವೇಗದ ನೀರಿನ ಪಕ್ಕದಿಂದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಆಗ ಕಡಿಮೆ ನೀರೇ ದಪ್ಪವಾಗಿ, ಬೆಳ್ಳಗೆ ಕಾಣುತ್ತದೆ. ದೀಪದ ಬೆಳಕು ಚೆನ್ನಾಗಿ ಹಿಡಿಯುವುದೂ ಈ ನೊರೆಯೇ. ತಿಳಿ ಧಾರೆಯ ಮೂಲಕ ಬೆಳಕು ಹಾದುಹೋಗುತ್ತದೆ, ಗುಳ್ಳೆ ತುಂಬಿದ ಧಾರೆಯಲ್ಲಿ ಚದುರಿ ಬಣ್ಣವಾಗಿ ನಿಲ್ಲುತ್ತದೆ. ಗಾಳಿಯ ದೊಡ್ಡ ಆಟ ಬೇರೆ. ಕೊಳವೆಯಲ್ಲಿ ನೀರು ತುಂಬಿ ನಿಂತಿರುತ್ತದೆ, ಕೆಳಗಿಂದ ಒತ್ತಿದ ಗಾಳಿ ಒಮ್ಮೆಲೇ ಬಿಟ್ಟುಕೊಂಡು ಆ ನೀರನ್ನು ಸಿಡಿಲಿನ ಸದ್ದಿನೊಂದಿಗೆ ಮೇಲಕ್ಕೆ ಎಸೆಯುತ್ತದೆ. 1998ರಲ್ಲಿ ಲಾಸ್ ವೇಗಸ್ಸಿನ ಬೆಲ್ಲಾಜಿಯೊ, 2009ರಲ್ಲಿ ದುಬೈ ಕಾರಂಜಿಗಳು ಇದರಿಂದಲೇ ಜಗತ್ತಿನ ಗಮನ ಸೆಳೆದವು. ಹೆರಾನ್ ಮಾಡಿದ್ದ ಪ್ರಯೋಗದ ತತ್ವವೇ ಇದು. ದೀಪಗಳ ಕಡೆ, ಮುಂಚಿನ ಬಿಸಿಯೇರುವ ಹ್ಯಾಲೊಜನ್ ದೀಪ ಮತ್ತು ಬಣ್ಣದ ಗಾಜಿನ ಬದಲು ಈಗ 12 ಅಥವಾ 24 ವೋಲ್ಟಿನ ಎಲ್‌ಇಡಿಗಳು ನೀರಿನಡಿ ಕೂರುತ್ತವೆ.

ಎರೆಭೂಮಿಯ ಸೀಮೆಗೆ ಕಾರಂಜಿ ರೂಪಿಸುವವರು ಇನ್ನೂ ಕೆಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲಿಯ ಬೋರಿನ ನೀರು ಗಡಸು. ಆವಿಯಾದಷ್ಟೂ ಉಪ್ಪು ಗಟ್ಟಿಯಾಗಿ ನಾಜಲ್‌ನ ಬಾಯಿ ಕಟ್ಟುತ್ತದೆ, ದೀಪದ ಗಾಜಿನ ಮೇಲೆ ಬಿಳಿ ಪೊರೆ ಕೂರುತ್ತದೆ. ಬಯಲಿನ ಗಾಳಿಗೆ ಅಡ್ಡಿಯಿಲ್ಲದ್ದರಿಂದ ಎತ್ತರದ ಧಾರೆ ಹೊಂಡದಿಂದ ಹೊರಗೆ ಬೀಳುತ್ತದೆ. ಇದಕ್ಕೆ ಹೊಂಡದ ಅಂಚು ಧಾರೆಯಿಂದ ಅದರ ಎತ್ತರದಷ್ಟಾದರೂ ದೂರ ಇರಬೇಕು, ಗಾಳಿಯ ವೇಗ ಅಳೆಯುವ ಸಾಧನ ಇಟ್ಟು ಬಿರುಸಾದಾಗ ಧಾರೆಯನ್ನು ತಾನಾಗಿ ತಗ್ಗಿಸಬೇಕು. ಇದೇ ನೆಲದಲ್ಲಿ ಕುಮಟಗಿಯವರು ನೀರನ್ನು ಮಂಟಪದೊಳಗೆ ಸುರಿಸಿದ್ದರ ಜಾಣತನ ಈ ಲೆಕ್ಕ ಹಾಕುವಾಗ ಅರಿವಿಗೆ ಬರುತ್ತದೆ.

ಹೊನವಾಡ, ತಿಕೋಟಾ, ಬಬಲೇಶ್ವರದ ಕಡೆ ನೀರನ್ನು ಎತ್ತರಕ್ಕೇರಿಸುವ ವಿದ್ಯೆ ಈಗ ಹೊಲಕ್ಕೆ ಬಂದಿದೆ. ತುಬಚಿ–ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳು ಕೃಷ್ಣೆಯ ನೀರನ್ನು ಪಂಪಿನಿಂದ ಎತ್ತಿ ಈ ಭಾಗದ ಕೆರೆಗಳಿಗೆ ತಲುಪಿಸುತ್ತಿವೆ. ತೊರವಿಯ ಕಾಲದಲ್ಲಿ ಇಳಿಜಾರನ್ನು ನಂಬಿ ನೀರು ನಗರಕ್ಕೆ ಹೋಗುತ್ತಿದ್ದರೆ, ಈಗ ಅದೇ ಪಶ್ಚಿಮದ ದಿನ್ನೆಗೆ ನೀರು ಮೇಲೇರಿ ಬರುತ್ತಿದೆ. ತಿಕೋಟಾ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಹನಿ ನೀರಾವರಿಯ ಕೊಳವೆ, ಔಷಧ ಸಿಂಪಡಿಸುವ ನಾಜಲ್ ಎಲ್ಲರಿಗೂ ಪರಿಚಿತ. ಒತ್ತಡ ಕಡಿಮೆಯಾದರೆ ಸಾಲಿನ ಕೊನೆಯ ಬಳ್ಳಿಗೆ ನೀರು ಮುಟ್ಟುವುದಿಲ್ಲ, ನಾಜಲ್ ಕಟ್ಟಿದರೆ ಹನಿ ಸಣ್ಣದಾಗುವುದಿಲ್ಲ ಎಂಬುದು ಅಲ್ಲಿಯ ರೈತರಿಗೆ ದಿನನಿತ್ಯದ ಪಾಠ. ಕುಮಟಗಿಯ ಕೆಲಸಗಾರರು ಹಾಕಿದ್ದೂ ಇದೇ ಲೆಕ್ಕ.

ಹಳೆಯ ರಚನೆಗಳ ಕಡೆ ಈಚೆಗೆ ಮತ್ತೆ ಗಮನ ಹರಿದಿದೆ. 2016–17ರ ಸುಮಾರಿಗೆ ತಾಜಬಾವಡಿಯ ಹೂಳು ತೆಗೆಯಲಾಯಿತು. ತೊರವಿಯ ಸುರಂಗ ಬಾವಡಿ ವಿಶ್ವ ಸ್ಮಾರಕ ನಿಧಿಯ 2020ರ ಕಾಳಜಿಯ ಪಟ್ಟಿಗೆ ಸೇರಿತು. ಕುಮಟಗಿಯ ಮಳೆಯನ್ನು ಮತ್ತೆ ಸುರಿಸುವುದು ಮಾತ್ರ ಬೇರೆಯದೇ ಪ್ರಶ್ನೆ. ನೀರೆತ್ತಲು ಇಂದು ಚಿಕ್ಕದೊಂದು ಪಂಪು ಸಾಕು. ಆದರೆ ಗೋಡೆಯೊಳಗಿನ ಶತಮಾನಗಳ ಹಳೆಯ ಮಣ್ಣಿನ ಕೊಳವೆ ಸೋರಿದರೆ ತೇವ ಗಚ್ಚಿಗೆ ಇಳಿಯುತ್ತದೆ, ಗಡಸು ನೀರಿನ ಉಪ್ಪು ಮೇಲೆ ಬಂದು ಅಳಿದುಳಿದ ಚಿತ್ರಗಳನ್ನು ಪದರುಪದರಾಗಿ ಉದುರಿಸುತ್ತದೆ. ಹಳೆಯ ಕೊಳವೆಗೆ ನೀರು ಬಿಡದೆ, ಅದರ ದಾರಿಯನ್ನು ಅಳೆದು ನಕ್ಷೆ ಮಾಡಿ, ನೀರಿನ ಆಟವನ್ನು ಅದೇ ಅಳತೆಯ ಬೇರೊಂದು ಮಂಟಪದಲ್ಲಿ ತೋರಿಸುವುದು ಚಿತ್ರಗಳಿಗೂ ಕೊಳವೆಗಳಿಗೂ ಕ್ಷೇಮದ ದಾರಿ.